ಲೆಕ್ಕದ ಮೇಡಂ ಉತ್ತರ: ತಿಪ್ಪೇಸ್ವಾಮಿ ಸುಳ್ಳನಾ?

ಪ್ರಶ್ನೆ: ಮೇಡಂ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಊರಲ್ಲಿ ಕೆಲವರು ಯಾವಾಗಲೂ ನಿಜ ಹೇಳುತ್ತಾರೆ, ಉಳಿದವರು ಯಾವಾಗಲೂ ಸುಳ್ಳು. ಓಬಳೇಶ ‘ಕರಿಬಸಪ್ಪ ಸುಳ್ಳ’ ಅನ್ನುತ್ತಾನೆ. ಕರಿಬಸಪ್ಪ ‘ಓಬಳೇಶ, ತಿಪ್ಪೇಸ್ವಾಮಿ ಇಬ್ಬರೂ ಒಂದೇ ಪೈಕಿ’ ಅನ್ನುತ್ತಾನೆ. ತಿಪ್ಪೇಸ್ವಾಮಿ ಬಾಯೇ ಬಿಡುವುದಿಲ್ಲ. ಅವನು ಯಾವ ಪೈಕಿ? ಪುಸ್ತಕದ ಹಿಂದೆ ‘ಸುಳ್ಳ’ ಅಂತಿದೆ. ಮೊದಲಿಬ್ಬರದ್ದೇ ತೀರ್ಮಾನ ಆಗದೆ ಇವನದು ಹೇಗಾಯ್ತು? ಉತ್ತರ ತಪ್ಪಾಗಿ ಅಚ್ಚಾಗಿದೆಯಾ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅಚ್ಚು ಸರಿಯಾಗೇ ಇದೆ ಕಣಮ್ಮ. ಓಬಳೇಶನ ವಿಷಯ ಇತ್ಯರ್ಥ ಆಗದೆ ಮುಂದೆ ಹೋಗಲ್ಲ ಅಂತ ನೀನು ಪಟ್ಟು ಹಿಡಿದಿದ್ದೀಯ. ಇಲ್ಲಿ ಅದು ಬೇಕಾಗೇ ಇಲ್ಲ.

ರಫ್ ಹಾಳೆಯಲ್ಲಿ ಮೂರು ಹೆಸರು ಬರಿ. ಕೆಳಗೆ ಎರಡು ಸಾಲು ಜಾಗ ಬಿಡು. ಮೊದಲನೇ ಸಾಲಲ್ಲಿ ಓಬಳೇಶನ ಕೆಳಗೆ ‘ನಿ’ ಹಾಕು. ಅವನ ಮಾತು ನಿಜವಾದರೆ ಕರಿಬಸಪ್ಪನಿಗೆ ‘ಸು’. ಕರಿಬಸಪ್ಪ ಸುಳ್ಳನಾದರೆ ‘ಒಂದೇ ಪೈಕಿ’ ಅನ್ನೋದೂ ಸುಳ್ಳು. ಅಂದರೆ ತಿಪ್ಪೇಸ್ವಾಮಿ ಓಬಳೇಶನ ಪೈಕಿ ಅಲ್ಲ. ಹಾಕು ‘ಸು’.

ಈಗ ಎರಡನೇ ಸಾಲು. ಓಬಳೇಶನಿಗೆ ‘ಸು’. ಅವನ ಮಾತು ಸುಳ್ಳಾದ್ದರಿಂದ ಕರಿಬಸಪ್ಪನಿಗೆ ‘ನಿ’. ಹಾಗಾದರೆ ಇಬ್ಬರೂ ಒಂದೇ ಪೈಕಿ ಅನ್ನೋದು ನಿಜ. ಓಬಳೇಶ ಸುಳ್ಳ, ತಿಪ್ಪೇಸ್ವಾಮಿಯೂ ಸುಳ್ಳ.

ಎರಡೂ ಸಾಲಿನ ಕೊನೆ ನೋಡು. ಎರಡರಲ್ಲೂ ‘ಸು’. ಓಬಳೇಶ, ಕರಿಬಸಪ್ಪರಲ್ಲಿ ಯಾರು ಸುಳ್ಳ ಅಂತ ಹೇಳಲು ಇಲ್ಲಿ ಸಾಕ್ಷಿಯೇ ಇಲ್ಲ, ಎಷ್ಟು ತಲೆ ಕೆರೆದುಕೊಂಡರೂ ಸಿಗಲ್ಲ. ಬಾಯಿ ಬಿಡದವನು ಮಾತ್ರ ಸಿಕ್ಕಿಬಿದ್ದ! ನನಗೆ ಈ ಲೆಕ್ಕ ಇಷ್ಟವಾಗುವುದೇ ಇದಕ್ಕೆ.

ಇನ್ನೊಂದು ಮಾತು. ರಬ್ಬರ್ ಮುಟ್ಟಬೇಡ. ಹುಡುಗರು ಮೊದಲ ಊಹೆ ಬರೀತಾರೆ, ಅಳಿಸ್ತಾರೆ, ಅದೇ ಜಾಗದಲ್ಲಿ ಎರಡನೆಯದು ಬರೀತಾರೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು ಹೇಗೆ? ತಪ್ಪಾದ ಸಾಲಿಗೆ ಒಂದು ಗೆರೆ ಎಳೆದರೆ ಸಾಕು.

ಪ್ರಶ್ನೆ: ಜೋಗಿಮಟ್ಟಿಗೆ ಹೋಗಬೇಕು, ದಾರಿ ಎರಡಾಗಿದೆ, ನಿಂತಿರುವವನು ಒಬ್ಬನೇ. ಅವನು ನಿಜದವನೋ ಸುಳ್ಳನೋ ಗೊತ್ತಿಲ್ಲ. ಒಂದೇ ಪ್ರಶ್ನೆ ಕೇಳಬೇಕು. ಏನು ಕೇಳಲಿ? ಇಂಥ ಒಗಟುಗಳು ಯಾರ ಕೆಲಸ?
– ಓದುಗ, ಚಿತ್ರದುರ್ಗ

ಉತ್ತರ: ಎಡಗಡೆ ದಾರಿಗೆ ಕೈ ತೋರಿಸಿ, ‘ಇದು ಜೋಗಿಮಟ್ಟಿಗೆ ಹೋಗುತ್ತಾ ಅಂತ ನಿನ್ನ ಕೇಳಿದರೆ, ಹೌದು ಅಂತೀಯಾ?’ ಅನ್ನಿ. ‘ಹೌದು’ ಅಂದರೆ ಎಡಕ್ಕೆ ಹೋಗಿ, ‘ಇಲ್ಲ’ ಅಂದರೆ ಬಲಕ್ಕೆ.

ನಿಜದವನ ವಿಷಯ ಸಲೀಸು. ಸುಳ್ಳನನ್ನು ನೋಡಿ. ಎಡಗಡೆಯೇ ಸರಿಯಾದ ದಾರಿ ಅಂದುಕೊಳ್ಳಿ. ನೇರ ಕೇಳಿದ್ದರೆ ‘ಇಲ್ಲ’ ಅನ್ನುತ್ತಿದ್ದ. ಆದರೆ ನೀವು ಕೇಳಿದ್ದು ‘ಹೌದು ಅಂತೀಯಾ’ ಅಂತ. ‘ಅನ್ನಲ್ಲ’ ಅಂದರೆ ನಿಜ ಹೇಳಿದಂತಾಗುತ್ತದೆ, ಅದು ಅವನ ಕೈಲಾಗಲ್ಲ. ಹಾಗಾಗಿ ‘ಹೌದು’ ಅನ್ನಲೇಬೇಕು. ಸುಳ್ಳಿನ ಮೇಲೆ ಸುಳ್ಳು ಬಿದ್ದು ನಿಜ ಹೊರಬಂತು. ದಾರಿ ತಪ್ಪಾಗಿದ್ದರೂ ಹೀಗೇ ‘ಇಲ್ಲ’ ಬರುತ್ತದೆ. ಒಮ್ಮೆ ನಿಜ, ಒಮ್ಮೆ ಸುಳ್ಳು ಹೇಳುವವನ ಮುಂದೆ ಮಾತ್ರ ಇದು ನಡೆಯಲ್ಲ. (ದುರ್ಗದಲ್ಲಿ ಹೌದು-ಇಲ್ಲ ಅಂತ ಯಾರು ಹೇಳ್ತಾರೆ? ‘ಈ ಬಿಸಿಲಲ್ಲಿ ಯಾಕ್ರೀ ಹೋಗ್ತೀರಿ’ ಅಂತ ತಿರುಗಿ ಅವರೇ ಕೇಳ್ತಾರೆ.)

ಇವುಗಳನ್ನು ಹೆಚ್ಚು ಜನಪ್ರಿಯ ಮಾಡಿದವರು ಅಮೆರಿಕದ ರೇಮಂಡ್ ಸ್ಮಲಿಯನ್ (1919–2017). ತರ್ಕಶಾಸ್ತ್ರದ ಪ್ರೊಫೆಸರ್. ಜಾದೂ ಮಾಡುತ್ತಿದ್ದರು, ಪಿಯಾನೋ ಕೂಡ ನುಡಿಸುತ್ತಿದ್ದರು. ನಿಜದವರೂ ಸುಳ್ಳರೂ ಇರುವ ದ್ವೀಪದ ಒಗಟುಗಳ ಅವರ ಪುಸ್ತಕ 1978ರಲ್ಲಿ ಬಂತು.

ಪ್ರಶ್ನೆ: ದಾವಣಗೆರೆಯವನೇ ಒಬ್ಬ ‘ದಾವಣಗೆರೆಯವರೆಲ್ಲ ಸುಳ್ಳರು’ ಅಂದರೆ? ನಿಜ ಅಂದರೂ ಕಷ್ಟ, ಸುಳ್ಳು ಅಂದರೂ ಕಷ್ಟ ಅಲ್ವಾ?
– ಓದುಗರು, ಹೊಳಲ್ಕೆರೆ

ಉತ್ತರ: ನಮ್ಮೂರ ಮೇಲೆ ಯಾಕ್ರೀ ಕಣ್ಣು? ಎಪಿಮೆನಿಡೀಸ್ ಅನ್ನುವ ಹಳೇ ಗ್ರೀಕ್ ಮನುಷ್ಯ ತನ್ನ ಕ್ರೀಟ್ ದ್ವೀಪದವರ ಬಗ್ಗೆ ಹೀಗೇ ಅಂದಿದ್ದನಂತೆ.

ಸುಳ್ಳು ಅಂದರೆ ಏನೂ ಕಷ್ಟವಿಲ್ಲ. ‘ಎಲ್ಲರೂ ಸುಳ್ಳರು’ ಅನ್ನೋದು ಸುಳ್ಳಾದರೆ ಎಲ್ಲರೂ ನಿಜದವರು ಅಂತ ಆಗಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಹೋಗುವುದು ಇಲ್ಲೇ. ಹೋಟೆಲಿನ ಬೆಣ್ಣೆದೋಸೆಯೆಲ್ಲ ಸೀದಿದೆ ಅಂತ ಒಬ್ಬ ದೂರಿದರೆ, ಅದು ಸುಳ್ಳು ಅನ್ನಲು ಸೀಯದ ದೋಸೆ ಒಂದು ತೋರಿಸಿದರೆ ಸಾಕು. ಹಾಗೇ ಇಲ್ಲಿ ಮಾತಾಡಿದವನು ಸುಳ್ಳ, ಊರಲ್ಲಿ ಬೇರೆ ಯಾರೋ ಒಬ್ಬರಾದರೂ ನಿಜದವರಿದ್ದಾರೆ. ಅಷ್ಟೇ.

ನಿಜವಾದ ಗಂಟು ‘ನಾನೀಗ ಹೇಳುತ್ತಿರುವ ಈ ಮಾತು ಸುಳ್ಳು’ ಅನ್ನೋದು. ಅದನ್ನು ಪರೀಕ್ಷೆಯಲ್ಲಿ ಕೇಳಲ್ಲ. ಅದರ ತಮ್ಮನನ್ನು ಕೇಳ್ತಾರೆ: ‘ನಾನು ಸುಳ್ಳ.’ ಈ ಊರಲ್ಲಿ ಆ ಮಾತನ್ನು ನಿಜದವನೂ ಆಡಲಾರ, ಸುಳ್ಳನೂ ಆಡಲಾರ. ಹಾಗಾಗಿ ‘ಅವನೇ ತಾನು ಸುಳ್ಳ ಅಂತ ಒಪ್ಪಿಕೊಂಡ’ ಅಂತ ಯಾರಾದರೂ ವರದಿ ತಂದರೆ, ಬೇರೇನೂ ಯೋಚಿಸದೆ ಆ ವರದಿಗಾರನ ಹೆಸರಿನ ಕೆಳಗೆ ‘ಸು’ ಬರೆದುಬಿಡಿ.