ತಿರುಪತಿಯಲ್ಲಿ ಇಳಿದ ವಿಮಾನ

ಹಾಡು, ಕುಣಿತ, ನಾಯಕನ ಅಬ್ಬರ ಯಾವುದೂ ಇಲ್ಲದೆ ತೆಲುಗಿನವರು ವಿಮಾನ ಅಪಹರಣದ ಒಂದು ಒಳ್ಳೆಯ ಚಿತ್ರ ಮಾಡಿದ್ದಾರೆಯೇ, ಅದನ್ನು ಅಪ್ಪ ಅಮ್ಮನ ಜೊತೆ ಕುಳಿತು ನೋಡಬಹುದೇ ಎಂದು ಕೇಳಿದ್ದೀರಿ. ಮಾಡಿದ್ದಾರೆ. 2011ರ ಫೆಬ್ರುವರಿಯಲ್ಲಿ ತೆರೆಗೆ ಬಂದ ‘ಗಗನಂ’. ಧಾರಾಳವಾಗಿ ನೋಡಬಹುದು.

ನಾನು ಅದನ್ನು ಮೊದಲು ನೋಡಿದ್ದು ತಿರುಪತಿಯಿಂದ ಬೆಂಗಳೂರಿಗೆ ಬರುವ ಬಸ್ಸಿನಲ್ಲಿ. ಅರ್ಧ ಬಸ್ಸು ಬೋಳುತಲೆ, ಎಲ್ಲರ ಚೀಲದಲ್ಲೂ ಲಾಡು. ಮುಳಬಾಗಿಲು ದಾಟಿದ ಮೇಲೆ ಚಾಲಕನ ಸಹಾಯಕ ಟಿ.ವಿ. ಹಾಕಿದ. ಚೆನ್ನೈಯಿಂದ ದೆಹಲಿಗೆ ಹೊರಟ ವಿಮಾನವನ್ನು ಭಯೋತ್ಪಾದಕರು ಹಿಡಿಯುತ್ತಾರೆ, ಎಂಜಿನ್ ಕೆಟ್ಟು ಅದು ಹತ್ತಿರದ ತಿರುಪತಿಯಲ್ಲೇ ಇಳಿಯಬೇಕಾಗುತ್ತದೆ. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಬಸ್ಸಿನಲ್ಲಿ ನಗೆ ಎದ್ದಿತು. ಹಿಂದಿನ ಸೀಟಿನ ಹೆಂಗಸೊಬ್ಬರು ಕೈಮುಗಿದು, ‘ಇನ್ನು ಭಯವಿಲ್ಲ ಬಿಡಿ, ತಿಮ್ಮಪ್ಪ ನೋಡಿಕೊಳ್ಳುತ್ತಾನೆ’ ಎಂದರು.

ತಿಮ್ಮಪ್ಪನಿಗಿಂತ ಮೊದಲು ಅಲ್ಲಿಗೆ ಬರುವವನು ನಾಗಾರ್ಜುನ. 1997ರ ‘ಅನ್ನಮಯ್ಯ’ ಚಿತ್ರದಲ್ಲಿ ಇದೇ ಬೆಟ್ಟದ ಕೀರ್ತನಕಾರ ಅನ್ನಮಾಚಾರ್ಯರ ಪಾತ್ರದಲ್ಲಿ ತಂಬೂರಿ ಹಿಡಿದಿದ್ದವರು ಇಲ್ಲಿ ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ಪಡೆ) ಕಮಾಂಡೊಗಳ ಮೇಜರ್. ಬಂದವರೇ ಏನು ಮಾಡುತ್ತಾರೆ? ಕಾಯುತ್ತಾರೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇದೇ. ತೆಲುಗಿನ ದೊಡ್ಡ ನಟನೊಬ್ಬನನ್ನು ಬಂದೂಕು, ಪಡೆ, ಸಿಟ್ಟು ಎಲ್ಲದರ ಸಮೇತ ರನ್‌ವೇಯ ಅಂಚಿನಲ್ಲಿ ನಿಲ್ಲಿಸಿ, ‘ಮೇಲಿನಿಂದ ಆದೇಶ ಬರಲಿ, ಇರು’ ಎನ್ನುವ ಧೈರ್ಯ ಈ ಚಿತ್ರಕ್ಕಿದೆ. ಅವನಿಗೆ ಜೋಡಿಯಾಗಿ ನಾಯಕಿಯಿಲ್ಲ, ಪ್ರವೇಶದ ಹಾಡಿಲ್ಲ. ‘ಗಗನಂ’ಗೆ ಎರಡೇ ತಿಂಗಳ ಹಿಂದೆ ಅದೇ ನಾಗಾರ್ಜುನರ ಮಾಮೂಲಿ ಹೊಡೆದಾಟದ ಚಿತ್ರ ನೋಡಿ ಶಿಳ್ಳೆ ಹೊಡೆದಿದ್ದವರಿಗೆ ಇದು ಹೇಗೆ ಗಂಟಲಲ್ಲಿ ಇಳಿಯಿತೋ!

ಈ ಕಾಯುವಿಕೆಯ ಹಿಂದೆ ಒಂದು ನಿಜ ಘಟನೆಯ ನೆರಳಿದೆ ಎಂದು ನನಗೆ ಅನ್ನಿಸುತ್ತದೆ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಪಹರಣವಾಗಿ ಅಮೃತಸರದಲ್ಲಿ ಇಳಿಯಿತು. ಸುಮಾರು ಮುಕ್ಕಾಲು ಗಂಟೆ ನಮ್ಮದೇ ನೆಲದ ಮೇಲೆ ನಿಂತಿತ್ತು. ಅದನ್ನು ತಡೆಯಬೇಕೆಂಬ ತೀರ್ಮಾನ ಕಾರ್ಯರೂಪಕ್ಕೆ ಬರುವ ಮೊದಲೇ ಮತ್ತೆ ಹಾರಿ ಲಾಹೋರ್, ದುಬೈ ದಾಟಿ ಕಂದಹಾರ್ ಸೇರಿತು. ವರ್ಷದ ಕೊನೆಯ ದಿನ ಮೂವರು ಉಗ್ರರನ್ನು ಬಿಟ್ಟು ಪ್ರಯಾಣಿಕರನ್ನು ಬಿಡಿಸಿಕೊಳ್ಳಬೇಕಾಯಿತು. ಅದೇ ಅಮೃತಸರದಲ್ಲಿ 1993ರ ಏಪ್ರಿಲ್‌ನಲ್ಲಿ ಇನ್ನೊಂದು ವಿಮಾನಕ್ಕೆ ಎನ್‌ಎಸ್‌ಜಿ ನುಗ್ಗಿ ಕೆಲವೇ ನಿಮಿಷಗಳಲ್ಲಿ ಎಲ್ಲ ಪ್ರಯಾಣಿಕರನ್ನೂ ಉಳಿಸಿತ್ತು. ಒಂದೇ ಊರು, ಎರಡು ಬಗೆಯ ಕೊನೆ. ‘ಗಗನಂ’ ಚಿತ್ರದ ಕೆಟ್ಟ ಎಂಜಿನ್ ಇದೆಯಲ್ಲ, ಅದು ಅಮೃತಸರದಿಂದ ಹಾರಿಹೋದ ವಿಮಾನವನ್ನು ಕತೆಯಲ್ಲಾದರೂ ಕಟ್ಟಿಹಾಕುವ ಉಪಾಯದಂತೆ ಕಾಣುತ್ತದೆ. ಈಗ ಹಾರುವ ಹಾಗಿಲ್ಲ. ಇನ್ನಾದರೂ ಏನು ಮಾಡುತ್ತೀರಿ, ಹೇಳಿ?

ಹೇಳಬೇಕಾದವರು ಕೋಣೆಯೊಳಗೆ ಕುಳಿತು ಚರ್ಚಿಸುತ್ತಾರೆ. ಅಲ್ಲಿ ಪ್ರಕಾಶ್ ರೈ ಇದ್ದಾರೆ, ಸರ್ಕಾರದ ಪರವಾಗಿ ಸಂಧಾನದ ಹೊಣೆ ಹೊತ್ತ ಗೃಹ ಇಲಾಖೆಯ ಹಿರಿಯ ಅಧಿಕಾರಿಯಾಗಿ. ಈ ಚಿತ್ರದ ನಿರ್ದೇಶಕ ರಾಧಾ ಮೋಹನ್‌ಗೂ ಅವರಿಗೂ ಹಳೆಯ ಪರಿಚಯ. ರಾಧಾ ಮೋಹನ್ ತಮಿಳಿನಲ್ಲಿ ಮಾಡಿದ ‘ಅಭಿಯುಂ ನಾನುಂ’ ಚಿತ್ರವನ್ನೇ ಪ್ರಕಾಶ್ ರೈ 2010ರಲ್ಲಿ ‘ನಾನು ನನ್ನ ಕನಸು’ ಎಂದು ಕನ್ನಡಕ್ಕೆ ತಂದದ್ದು. ಅಪ್ಪ ಮಗಳ ಸಣ್ಣಪುಟ್ಟ ಮುನಿಸುಗಳ ಕತೆ ಹೇಳುತ್ತಿದ್ದ ನಿರ್ದೇಶಕನ ಕೈಗೆ ವಿಮಾನ ಅಪಹರಣ ಸಿಕ್ಕರೆ ಏನಾಗಬೇಕೋ ಅದೇ ಇಲ್ಲಿ ಆಗಿದೆ: ಬಂದೂಕು ಹಿಡಿದವರಿಗಿಂತ ಸೀಟಿನಲ್ಲಿ ಕುಳಿತವರ ಮೇಲೆ ಅವರಿಗೆ ಆಸಕ್ತಿ ಹೆಚ್ಚು. ಮಗಳ ಹೃದಯ ಚಿಕಿತ್ಸೆಗೆಂದು ಭಾರತಕ್ಕೆ ಬಂದ ಪಾಕಿಸ್ತಾನದ ದಂಪತಿ, ಒಬ್ಬ ನಿವೃತ್ತ ಸೈನ್ಯಾಧಿಕಾರಿ, ಒಬ್ಬ ಪಾದ್ರಿ, ಹೀಗೆ. ತಮಿಳಿನಲ್ಲಿ ಇದೇ ಚಿತ್ರ ‘ಪಯಣಂ’ ಎಂಬ ಹೆಸರಿನಲ್ಲಿ ಬಂತು. ಗಗನ, ಪಯಣ ಎರಡೂ ನಮ್ಮ ಮಾತುಗಳೇ, ಬಿಂದು ಅಳಿಸಿದರೆ ಸಾಕು.

ನನಗೆ ಅತಿ ಹೆಚ್ಚು ಹಿಡಿಸಿದ್ದು ಚಿತ್ರ ತನ್ನ ಉದ್ಯಮವನ್ನೇ ಗೇಲಿ ಮಾಡುವ ರೀತಿ. ವಿಮಾನದಲ್ಲಿ ಒಬ್ಬ ಸಿನಿಮಾ ನಟನೂ ಇದ್ದಾನೆ, ‘ಶೈನಿಂಗ್ ಸ್ಟಾರ್’ ಬಿರುದಿನವನು. ತೆರೆಯ ಮೇಲೆ ನೂರಾರು ಜನರನ್ನು ಉರುಳಿಸಿದವನು ಈಗ ಉಳಿದವರಂತೆಯೇ ಬೆವರುತ್ತ ಕುಳಿತಿದ್ದಾನೆ. ಪಕ್ಕದಲ್ಲಿರುವವರಿಗೆ ಅವನು ಎದ್ದು ಹೊಡೆದಾಡದೆ ಸುಮ್ಮನೆ ಕುಳಿತಿರುವುದೇ ಸೋಜಿಗ. ಪಾಪ, ಅವನಿಗೆ ಅಪಹರಣಕಾರರ ಭಯಕ್ಕಿಂತ ಅಭಿಮಾನಿಗಳ ನಂಬಿಕೆಯ ಭಯವೇ ದೊಡ್ಡದು.

ಇನ್ನೊಂದು ಎಳೆಯನ್ನು ಹೇಳಿದರೆ ಗುಟ್ಟು ಸ್ವಲ್ಪ ಬಿಟ್ಟುಕೊಟ್ಟ ಹಾಗಾಗುತ್ತದೆ. ಬೇಡವೆನ್ನುವವರು ಈ ಪ್ಯಾರಾ ದಾಟಿಬಿಡಿ. ಜೈಲಿನಲ್ಲಿರುವ ತಮ್ಮ ನಾಯಕ ಯೂಸುಫ್ ಖಾನನನ್ನು ಬಿಡಬೇಕೆಂಬುದು ಅಪಹರಣಕಾರರ ಬೇಡಿಕೆ. ಅವನನ್ನು ಕರೆತರುವಾಗ ಅವನು ಸತ್ತೇಹೋಗುತ್ತಾನೆ. ಕೊಡಬೇಕಾದ ಸರಕೇ ಸರ್ಕಾರದ ಕೈಯಲ್ಲಿಲ್ಲ! ಆಗ ಅವನ ಹೋಲಿಕೆಯಿರುವ ಒಬ್ಬ ಸಣ್ಣ ನಟನನ್ನು ಹುಡುಕಿ ತರುತ್ತಾರೆ. ಸಿನಿಮಾಗಳಲ್ಲಿ ಚಿಲ್ಲರೆ ಪಾತ್ರ ಮಾಡಿಕೊಂಡಿದ್ದ ಮನುಷ್ಯ ಅವನು. ಅವನ ಜೀವನದ ಅತಿ ದೊಡ್ಡ ಪಾತ್ರ ಇದು. ಇಲ್ಲಿ ಕ್ಯಾಮೆರಾ ಇಲ್ಲ, ಎರಡನೇ ಟೇಕ್ ಇಲ್ಲ, ತಪ್ಪಿದರೆ ಒಳಗಿರುವವರ ಪ್ರಾಣ ಹೋಗುತ್ತದೆ. ವಿಮಾನದೊಳಗಿನ ದೊಡ್ಡ ನಟ ತಾನು ನಾಯಕನಲ್ಲ ಎಂದು ತಿಳಿಹೇಳುತ್ತಿರುವ ಹೊತ್ತಿಗೆ ಹೊರಗೆ ಈ ಬಡಪಾಯಿ ಖಳನಾಗಲು ತಾಲೀಮು ಮಾಡುತ್ತಿರುತ್ತಾನೆ. ಈ ಎರಡನ್ನೂ ಎದುರುಬದುರು ಇಟ್ಟದ್ದಕ್ಕೇ ನಾನು ರಾಧಾ ಮೋಹನ್‌ಗೆ ನೂರು ತಪ್ಪು ಮನ್ನಿಸುತ್ತೇನೆ.

ತಪ್ಪುಗಳೂ ಇವೆ. ಅಪಹರಣಕಾರರು ಬರೀ ಕಿರುಚುತ್ತಾರೆ, ಅವರಲ್ಲಿ ನೆನಪಿನಲ್ಲಿ ಉಳಿಯುವ ಒಂದು ಮುಖವೂ ಇಲ್ಲ. ಪ್ರಯಾಣಿಕರನ್ನು ಆರಿಸಿರುವುದು ಸರ್ವಧರ್ಮ ಸಮ್ಮೇಳನದ ಆಹ್ವಾನ ಪತ್ರಿಕೆಯಂತಿದೆ. ಕೆಲವು ಹಾಸ್ಯದ ಮಾತುಗಳು ಬಿಗಿಯಾಗಿದ್ದ ದೃಶ್ಯವನ್ನು ಸಡಿಲ ಮಾಡಿಬಿಡುತ್ತವೆ. ನಮ್ಮ ಸುನೀಲ್ ಕುಮಾರ್ ದೇಸಾಯಿ ‘ನಿಷ್ಕರ್ಷ’ದಲ್ಲಿ ಬ್ಯಾಂಕಿನೊಳಗೆ ಒತ್ತೆಯಾಳುಗಳನ್ನಿಟ್ಟು, ಹೊರಗೆ ವಿಷ್ಣುವರ್ಧನ್ ಅವರನ್ನು ಕಮಾಂಡೊ ಮಾಡಿ, ಒಂದೇ ಒಂದು ಹಾಡಿಲ್ಲದೆ ಕೊನೆಯವರೆಗೂ ಉಸಿರು ಬಿಗಿಹಿಡಿಸಿದ್ದರು. ಆ ಬಿಗಿಯನ್ನು ಇಲ್ಲಿ ಹುಡುಕಬೇಡಿ.

ನಿಮ್ಮ ಅಪ್ಪ ಅಮ್ಮನ ಮಟ್ಟಿಗೆ ಹೇಳುವುದಾದರೆ, ರಿಮೋಟ್ ಹುಡುಕಬೇಕಾದ ದೃಶ್ಯಗಳು ಒಂದೂ ನೆನಪಾಗುತ್ತಿಲ್ಲ. ಒಂದಿಷ್ಟು ಗುಂಡಿನ ಸದ್ದು, ಸಾವು ಇದೆ. ತೆಲುಗು ಅಷ್ಟಾಗಿ ಬಾರದಿದ್ದರೂ ಕತೆ ತಿಳಿಯುತ್ತದೆ. ನನ್ನ ತೆಲುಗು ಕೂಡ ಹೋಟೆಲಿನಲ್ಲಿ ಊಟ ಕೇಳುವಷ್ಟರದ್ದೇ.

ಅಂತ್ಯವನ್ನು ನಾನು ನೋಡಿದ್ದು ಎಷ್ಟೋ ತಿಂಗಳ ನಂತರ, ಮನೆಯಲ್ಲಿ. ಅವತ್ತು ಕಮಾಂಡೊಗಳು ಕೊನೆಗೂ ವಿಮಾನದ ಕಡೆ ಹೆಜ್ಜೆ ಇಡುವ ಹೊತ್ತಿಗೆ ಬಸ್ಸು ಕೆ.ಆರ್. ಪುರ ತಲುಪಿತ್ತು. ಸಹಾಯಕ ಟಿ.ವಿ. ಆರಿಸಿ ‘ಇಳಿಯುವವರು ಬನ್ನಿ’ ಎಂದು ಕೂಗಿದ. ಬಸ್ಸಿಗೆ ಬಸ್ಸೇ ಅವನನ್ನು ಬೈದುಕೊಂಡಿತು. ತಿಮ್ಮಪ್ಪನ ಮೇಲೆ ಭಾರ ಹಾಕಿದ್ದ ಆ ಹೆಂಗಸು ಇಳಿಯುವಾಗ ಬಾಗಿಲಲ್ಲಿ ನಿಂತು ತಿರುಗಿ ನೋಡಿ ಕೇಳಿದರು: ‘ಆ ವೇಷ ಹಾಕಿಕೊಂಡವನು ಉಳಿದುಕೊಂಡನಾ?’ ನಾಗಾರ್ಜುನನ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ.