ಪರಿಸರದ ಬಗ್ಗೆ ಓದೋಕೆ ಸೈನ್ಸೇ ಬೇಕಾ? ಬಿಎ ಮಾಡ್ತಿರೋರಿಗೆ ಅಲ್ಲಿ ಏನು ಕೆಲಸ?

ನೀವು ಕೇಳಿರೋದು, ಬಿಎನಲ್ಲಿ ಇತಿಹಾಸ, ಸಮಾಜಶಾಸ್ತ್ರ ತಗೊಂಡಿದೀನಿ, ಕೆರೆ ಕಾಡು ಅಂದ್ರೆ ಆಸಕ್ತಿ ಇದೆ, ಆದ್ರೆ ಎಲ್ಲರೂ ಅದು ಸೈನ್ಸ್‌ನವರ ಕೆಲಸ ಅಂತಾರಲ್ಲ, ನಿಜಾನಾ ಅಂತ. ಅರ್ಧ ಕೂಡ ನಿಜ ಅಲ್ಲ. ನಾನೂ ಸಮಾಜಶಾಸ್ತ್ರ ಓದಿದವನೇ, ಕೋಲಾರದ ಕಡೆ ಕೆರೆ, ಜಮೀನು ವಿಷಯದಲ್ಲಿ ಕೆಲಸ ಮಾಡ್ತಾ ಬಂದಿದೀನಿ, ಅದಕ್ಕೆ ಅಲ್ಲಿಂದಲೇ ಹೇಳ್ತೀನಿ.

ನೀಲಗಿರಿ ಮರ ತಗೊಳ್ಳಿ. ಇದು ನೀರು ಕುಡಿಯುತ್ತೆ, ಎಷ್ಟು ಕುಡಿಯುತ್ತೆ, ಬೇರು ಎಷ್ಟು ಆಳ ಹೋಗುತ್ತೆ ಅಂತ ವಿಜ್ಞಾನಿಗಳು ಹೇಳ್ತಾರೆ, ಅದು ಬೇಕೇ ಬೇಕು. ಆದ್ರೆ ರಾಗಿ ಬೆಳೀತಿದ್ದ ಹೊಲದಲ್ಲಿ ಜನ ತಾವಾಗೇ ಯಾಕೆ ನೀಲಗಿರಿ ಹಾಕಿದ್ರು? ಸಸಿ ಸರ್ಕಾರದಿಂದ ಸಿಗ್ತಿತ್ತು, ಸಾಮಾಜಿಕ ಅರಣ್ಯ ಅಂತ ವಿಶ್ವಬ್ಯಾಂಕ್ ದುಡ್ಡಿನ ಯೋಜನೆ ಇತ್ತು, ಅದು ಒಂದು ಕಡೆ. ಇನ್ನೊಂದು ಕಡೆ ನೋಡಿ, 1974ರ ಭೂಸುಧಾರಣೆ ತಿದ್ದುಪಡಿ ಆದ್ಮೇಲೆ ಗೇಣಿಗೆ ಕೊಟ್ರೆ ಜಮೀನು ಕೈಬಿಟ್ಟು ಹೋಗುತ್ತೆ ಅನ್ನೋ ಭಯ, ಮಕ್ಕಳು ಬೆಂಗಳೂರಲ್ಲಿ ಕೆಲಸಕ್ಕೆ ಸೇರ್ಕೊಂಡವ್ರೆ, ಕೂಲಿಯವರು ಸಿಗಲ್ಲ, ಸಿಕ್ಕರೂ ಮೇಲೆ ನಿಂತು ನೋಡ್ಕೊಳ್ಳೋರು ಯಾರು. ನೀಲಗಿರಿ ಆದ್ರೆ ಒಂದು ಸಲ ನೆಟ್ಟು ಬಿಟ್ರೆ ಮುಗೀತು, ದನ ಬಾಯಿ ಹಾಕಲ್ಲ, ಕೆಲವು ವರ್ಷಕ್ಕೆ ಕಡಿದು ಸೆಂಟ್ರಿಂಗ್ ಕಂಬಕ್ಕೋ ಪೇಪರ್ ಪಲ್ಪಿಗೋ ಮಾರಿದ್ರೆ ಬುಡದಿಂದ ಮತ್ತೆ ಚಿಗುರುತ್ತೆ. ಊರಲ್ಲಿ ಇಲ್ಲದ ಜಮೀನ್ದಾರನಿಗೆ ಇದಕ್ಕಿಂತ ಒಳ್ಳೆ ಬೆಳೆ ಇಲ್ಲ.

ಇದರಿಂದ ಕಳ್ಕೊಂಡಿದ್ದು ಯಾರು ಅಂತ ಕೇಳಿದ್ರೆ ಮೊದಲು ಸಿಗೋ ಉತ್ತರ ಅಂತರ್ಜಲ. ಊರಿನ ಹೆಂಗಸರ ಹತ್ರ ಕೂತು ಕೇಳಿ, ಬೇರೆ ಉತ್ತರ ಬರುತ್ತೆ. ರಾಗಿ ಹೊಲದ ಕಳೆ ಕೀಳೋ ಕೂಲಿ ಹೋಯ್ತು, ಕುಯ್ಲಿನ ಕೂಲಿ ಹೋಯ್ತು, ದನಕ್ಕೆ ರಾಗಿ ಹುಲ್ಲು ಇಲ್ಲ. ಈ ಲೆಕ್ಕ ಯಾವ ನೀರಿನ ಮೀಟರಲ್ಲೂ ಬರಲ್ಲ. 1983ರಲ್ಲಿ ತುಮಕೂರು ಕಡೆ ರೈತಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹಾಕಿದ್ರಲ್ಲ, ಅದು ಬರೀ ಮರದ ಮೇಲಿನ ಸಿಟ್ಟಲ್ಲ. 1987ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಲ್ಲಿ ಆಗಿದ್ದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದ ವಿಷಯ ಇನ್ನೂ ಬೇರೆ, ಅಲ್ಲಿ ಊರಿನ ಸಾರ್ವಜನಿಕ ಜಮೀನನ್ನ ಸರ್ಕಾರ ಒಂದು ಪಲ್ಪ್‌ವುಡ್ ಕಂಪನಿಗೆ ಕೊಟ್ಟಿತ್ತು, ಜನ ನೀಲಗಿರಿ ಕಿತ್ತು ಆ ಜಾಗದಲ್ಲಿ ಹಣ್ಣು, ಮೇವಿನ ಗಿಡ ನೆಟ್ರು. ಒಂದೇ ಮರ, ಆದ್ರೆ ಒಂದು ಕಡೆ ಖಾಸಗಿ ಹೊಲದ ಪ್ರಶ್ನೆ, ಇನ್ನೊಂದು ಕಡೆ ಗೋಮಾಳ ಯಾರದು ಅನ್ನೋ ಪ್ರಶ್ನೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡ್ತು, ಒಳ್ಳೇದೇ ಆಯ್ತು, ಆದ್ರೆ ಮರ ನಿಲ್ಲಿಸಬಹುದು, ಮರ ನೆಡೋಕೆ ಇದ್ದ ಕಾರಣ ಅಲ್ಲೇ ಇದೆಯಲ್ಲ, ಕೂಲಿ ಇಲ್ಲ, ಮನೇಲಿ ಹುಡುಗರಿಲ್ಲ. ನೀಲಗಿರಿ ಬೇರು ಜೆಸಿಬಿಲಿ ಕೀಳಿಸಿ ಲೇಔಟ್ ಮಾಡಿರೋ ಹೊಲಗಳೂ ಇವೆ.

ಇನ್ನೊಂದು, ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತದಲ್ಲಿ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡ್ತಿದಾರೆ. ಎಲ್ಲರೂ ಜಗಳ ಆಡೋದು ನೀರಿನ ಗುಣಮಟ್ಟದ ಮೇಲೆ, ಮೂರನೇ ಹಂತದ ಶುದ್ಧೀಕರಣ ಬೇಕು ಅಂತ, ಆ ಬೇಡಿಕೆ ಸರಿಯಾಗೇ ಇದೆ. ಆದ್ರೆ ಈ ನೀರನ್ನ ತೂಬು ಎತ್ತಿ ನೇರವಾಗಿ ಗದ್ದೆಗೆ ಬಿಡೋ ಹಾಗಿಲ್ಲ, ಇಂಗಿ ಬೋರ್‌ವೆಲ್‌ಗೆ ಬರ್ಬೇಕು ಅನ್ನೋದು ಯೋಜನೆ. ಹಾಗಾದ್ರೆ ಕೆರೆ ತುಂಬಿದ್ರೆ ಲಾಭ ಯಾರಿಗೆ? ಬೋರ್‌ವೆಲ್ ಕೊರೆಸೋಕೆ ದುಡ್ಡಿರೋನಿಗೆ. ಅಚ್ಚುಕಟ್ಟಲ್ಲಿ, ಅಂದ್ರೆ ಕೆರೆ ನೀರು ಹಾಯೋ ಜಮೀನಲ್ಲಿ, ಅರ್ಧ ಎಕರೆ ಇಟ್ಕೊಂಡು ಬೋರ್ ಇಲ್ಲದೇ ಇರೋನು ದಂಡೆ ಮೇಲೆ ನಿಂತು ನೋಡ್ಬೇಕು ಅಷ್ಟೆ. ನೀರಿನ ಸ್ಯಾಂಪಲ್ ತಗೊಂಡು ಲ್ಯಾಬಿಗೆ ಹೋದೋರಿಗೆ ಇದು ಕಾಣೋದೇ ಇಲ್ಲ, ಅವರ ತಪ್ಪಲ್ಲ, ಅದು ಅವರ ಪ್ರಶ್ನೆ ಅಲ್ಲ, ನಿಮ್ಮ ಪ್ರಶ್ನೆ.

ಒಂದು ವಿಷಯದಲ್ಲಿ ಹುಷಾರು, ಸಮಾಜಶಾಸ್ತ್ರ, ಇತಿಹಾಸ ಓದಿದ ನಮ್ಮಂಥೋರೇ ಜಾಸ್ತಿ ಬೀಳೋ ಗುಂಡಿ ಇದು. ‘ಹಿಂದೆ ಊರೋರೇ ಕೆರೆ ನೋಡ್ಕೊಳ್ತಿದ್ರು, ಎಲ್ಲಾ ಚೆನ್ನಾಗಿತ್ತು, ಸರ್ಕಾರ ಬಂದು ಹಾಳು ಮಾಡ್ತು’ ಅಂತ ಬರೀತಾರೆ. ನೀರಗಂಟಿ ತೂಬು ನೋಡ್ಕೊಂಡು, ಗದ್ದೆ ಗದ್ದೆಗೂ ನೀರು ಹಂಚಿ, ಸುಗ್ಗೀಲಿ ಆಯ ಅಂತ ಒಂದಿಷ್ಟು ಧಾನ್ಯ ತಗೊಳ್ತಿದ್ದ, ಇನಾಮು ಜಮೀನೂ ಇರ್ತಿತ್ತು, ಅದೆಲ್ಲಾ ನಿಜ. ಆದ್ರೆ ಎಷ್ಟೋ ಊರಲ್ಲಿ ಆ ಕೆಲಸ ಮಾಡ್ತಿದ್ದಿದ್ದು ದಲಿತರು, ತೂಬು ಎತ್ತೋನು ಅವನೇ, ಯಾವಾಗ ಎತ್ತಬೇಕು ಅಂತ ತೀರ್ಮಾನ ಮಾಡೋರು ಮಾತ್ರ ಬೇರೆ. ವಂಶಪಾರಂಪರ್ಯವಾಗಿ ಬಂದ ಇಂಥ ಊರಿನ ಹುದ್ದೆಗಳನ್ನ ತೆಗೆದು ಹಾಕಿದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದಿದ್ದು ಕೆರೆಗೆ ನಷ್ಟ ಇರಬಹುದು, ಬಿಟ್ಟಿ ಚಾಕರಿಯಿಂದ ಬಿಡುಗಡೆ ಆದ ಮನೆಗಳಿಗೆ ನಷ್ಟ ಅಂತ ಹೇಳೋಕಾಗುತ್ತಾ? ಇಂಥ ಕಡೆ ಸುಲಭದ ಉತ್ತರ ಇಲ್ಲ, ನನಗೆ ಈ ಓದು ಇಷ್ಟ ಆಗೋದೇ ಅದಕ್ಕೆ.

ಎಲ್ಲಿ ಓದೋದು ಅಂದ್ರೆ, ಬೆಂಗಳೂರಲ್ಲೇ ಐಸೆಕ್ (ಸಾಮಾಜಿಕ, ಆರ್ಥಿಕ ಬದಲಾವಣೆ ಬಗ್ಗೆ ಸಂಶೋಧನೆ ಮಾಡೋ ಸಂಸ್ಥೆ) ಇದೆ, ಏಟ್ರೀ (ಪರಿಸರ ಸಂಶೋಧನೆಯ ಅಶೋಕ ಟ್ರಸ್ಟ್) ಇದೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇದೆ. ಅಡ್ಮಿಷನ್ ನಿಯಮ, ಫೀಸು ಆಯಾ ವೆಬ್‌ಸೈಟಲ್ಲಿ ನೋಡ್ಕೊಳ್ಳಿ.

ಅದಕ್ಕಿಂತ ಮೊದಲು ಈಗಲೇ ಶುರು ಮಾಡಬಹುದು. ನಿಮ್ಮೂರಿನ ಒಂದು ಕೆರೆ ಆರಿಸ್ಕೊಳ್ಳಿ. ಗ್ರಾಮ ನಕ್ಷೆ ತೆಗೆಸಿ, ಅಚ್ಚುಕಟ್ಟಿನ ಹತ್ತಿಪ್ಪತ್ತು ಸರ್ವೆ ನಂಬರಿನ ಪಹಣಿ ತೆಗೀರಿ, ಹಳೇ ಕೈಬರಹದ್ದೂ ಸೇರಿಸಿ, ಬೆಳೆ ಕಾಲಂನಲ್ಲಿ ಭತ್ತ ಯಾವಾಗ ನಿಂತು ಹೋಯ್ತು ನೋಡಿ. ಆಮೇಲೆ ಬಿ.ಎಲ್. ರೈಸ್ ಅವರು ಶಾಸನಗಳನ್ನ ಸೇರಿಸಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಿಮ್ಮ ಜಿಲ್ಲೆ ಸಂಪುಟ ತೆಗೆದ್ರೆ (ಕೋಲಾರದ್ದು ಹತ್ತನೇದು) ಕೆರೆ ಕಟ್ಟಿಸಿದ್ದು, ಅದಕ್ಕೆ ಗದ್ದೆ ಬಿಟ್ಟಿದ್ದು ಶಾಸನಗಳಲ್ಲಿ ಸಿಗುತ್ತೆ. ಕೊನೆಗೆ ಹಳಬರನ್ನ ಮಾತಾಡಿಸಿ, ಗೌಡರ ಬೀದಿಲೂ ಕೇಳಿ, ಕಾಲೋನಿಲೂ ಕೇಳಿ, ಒಂದೇ ಕೆರೆ ಬಗ್ಗೆ ಎರಡು ಕಥೆ ಬರುತ್ತೆ, ಎರಡನ್ನೂ ಬರ್ಕೊಳ್ಳಿ.

ಇಂಗ್ಲಿಷ್ ಬರಲ್ಲ ಅಂತ ಹಿಂಜರೀಬೇಡಿ, ಓದೋಕೆ ಬರೆಯೋಕೆ ಅದು ಬೇಕಾಗುತ್ತೆ, ನಿಧಾನಕ್ಕೆ ಬರುತ್ತೆ. ಪಹಣಿ, ಪಂಚಾಯ್ತಿ ನಡಾವಳಿ, ಊರಿನ ಮಾತು ಎಲ್ಲಾ ಕನ್ನಡದಲ್ಲಿರೋದು, ದೊಡ್ಡ ದೊಡ್ಡ ಡಿಗ್ರಿ ಇಟ್ಕೊಂಡು ಬರೋರು ಅದನ್ನ ಓದಿಸ್ಕೊಳ್ಳೋಕೆ ನಿಮ್ಮಂಥೋರನ್ನೇ ಹುಡುಕ್ತಾರೆ. ಸಂಬಳದ ವಿಷಯ ಮಾತ್ರ ಮುಚ್ಚಿಡಲ್ಲ, ಶುರುವಿನಲ್ಲಿ ಸಿಗೋದು ಹೆಚ್ಚಾಗಿ ಪ್ರಾಜೆಕ್ಟ್ ಕೆಲಸ, ಪ್ರಾಜೆಕ್ಟ್ ಮುಗಿದ್ರೆ ಕೆಲಸವೂ ಮುಗೀತು, ಅದನ್ನ ಮನೇಲಿ ಮೊದಲೇ ಹೇಳಿಟ್ಟಿರಿ.