ಮೈಕ್ ವೆಬ್‌ಸ್ಟರ್ ದುಂದುಗಾರರೇ?

ಬ್ಯಾಂಕ್ ನೌಕರಿಯಿಂದ ನಿವೃತ್ತರಾದ ಶಿವಮೊಗ್ಗದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯ ಕ್ರೀಡಾ ಪುಟದಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ಬಗ್ಗೆ ನಾಲ್ಕು ಸಾಲು ಓದಿದೆ. ನಾಲ್ಕು ಸಲ ಚಾಂಪಿಯನ್ ಆದ ತಂಡದವನು ಕೊನೆಗಾಲದಲ್ಲಿ ತನ್ನ ಗಾಡಿಯಲ್ಲೇ ಮಲಗುತ್ತಿದ್ದನಂತೆ. ಗಳಿಸುವಾಗ ಉಳಿಸದವನ ಪಾಡು ಎಲ್ಲ ದೇಶದಲ್ಲೂ ಇಷ್ಟೇ. ದುಂದು ಮಾಡಿದವನ ಮೇಲೆ ನಿಮಗೇಕೆ ಕನಿಕರ? ಅಂದಹಾಗೆ, ಟೆಕ್ಸಾಸ್‌ನಲ್ಲಿರುವ ನನ್ನ ಮೊಮ್ಮಗ ಹೈಸ್ಕೂಲಿನಲ್ಲಿ ಈ ಆಟದ ತಂಡಕ್ಕೆ ಸೇರಿದ್ದಾನೆ. ಅಷ್ಟೊಂದು ಅಪಾಯದ ಆಟವೇ ಇದು?"

ಮಾನ್ಯರೇ,

ಮೊಮ್ಮಗನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಲೆಕ್ಕಪತ್ರ ನೋಡೋಣ, ಅದು ನಿಮ್ಮ ಕ್ಷೇತ್ರವೂ ಹೌದು.

ವೆಬ್‌ಸ್ಟರ್ ಅವರ ಹೂಡಿಕೆಗಳು ಕೈಕೊಟ್ಟದ್ದು ನಿಜ. ಆದರೆ ಇಂದಿನ ಆಟಗಾರರ ಸಂಬಳವನ್ನು ಕಣ್ಣಮುಂದಿಟ್ಟುಕೊಂಡು ಅವರನ್ನು ಅಳೆಯಬೇಡಿ. ಅವರು ಆಡಿದ್ದು 1974ರಿಂದ 1990ರವರೆಗೆ. ಒಪ್ಪಂದ ಮುಗಿದ ಆಟಗಾರ ಇಷ್ಟಬಂದ ತಂಡಕ್ಕೆ ಹೋಗಬಹುದೆಂಬ ಮುಕ್ತ ವ್ಯವಸ್ಥೆ ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ, ಅಂದರೆ ಎನ್‌ಎಫ್‌ಎಲ್‌ನಲ್ಲಿ, ಸರಿಯಾಗಿ ಜಾರಿಗೆ ಬಂದದ್ದು 1993ರಲ್ಲಿ. ಅದಕ್ಕೂ ಮುಂಚೆ ಆಟಗಾರರಿಗಾಗಿ ತಂಡಗಳ ನಡುವೆ ಪೈಪೋಟಿ ಇಲ್ಲವೆನ್ನುವಷ್ಟು ಕಡಿಮೆ. ಅಂಥ ಕಡೆ ಸಂಬಳ ಎಷ್ಟು ಏರೀತು? ಅದರಲ್ಲೂ ಅವರು ಆಡುತ್ತಿದ್ದ ಸ್ಥಾನ ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

ಆ ಸ್ಥಾನದ ಬಗ್ಗೆ ಸ್ವಲ್ಪ ಹೇಳಲೇಬೇಕು. ಫುಟ್‌ಬಾಲ್ ಎಂದೊಡನೆ ನಮಗೆ ಮೆಸ್ಸಿ ನೆನಪಾಗುತ್ತಾರೆ. ಇದು ಆ ಆಟವಲ್ಲ. ಇಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ದಾಳಿ ಮಾಡುವ ತಂಡದ ಮುಂದಿನ ಸಾಲಿನಲ್ಲಿ ಐವರು ದೈತ್ಯರು ಬಗ್ಗಿ ನಿಂತಿರುತ್ತಾರೆ. ಹಿಂದೆ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಎದುರಾಳಿ ಬೀಳದಂತೆ ತಡೆಯುವುದು, ಓಡುವವನಿಗೆ ದಾರಿ ಬಿಡಿಸಿಕೊಡುವುದು ಇವರ ಕೆಲಸ. ಇವರನ್ನು ಆಫೆನ್ಸಿವ್ ಲೈನ್‌ಮನ್ ಎನ್ನುತ್ತಾರೆ. ನಟ್ಟನಡುವೆ ಇರುವವನು ಸೆಂಟರ್. ಅವನು ತಲೆ ತಗ್ಗಿಸಿ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ. ಅದೇ ಕ್ಷಣದಲ್ಲಿ ಎದುರಿನವನು ಮೈಮೇಲೆ ಬಂದು ಅಪ್ಪಳಿಸುತ್ತಾನೆ. ಒಂದು ಕೈ ಚೆಂಡಿನಲ್ಲಿ ಸಿಕ್ಕಿಕೊಂಡಿರುವುದರಿಂದ ಮೊದಲು ತಗಲುವುದು ತಲೆ. ಹೀಗೆ ಪ್ರತಿ ಪಂದ್ಯದಲ್ಲಿ ಹತ್ತಾರು ಸಲ, ಅಭ್ಯಾಸದಲ್ಲಿ ಇನ್ನೆಷ್ಟೋ. ರಕ್ಷಣೆಯ ಆಟಗಾರ ಎದುರಾಳಿಯ ಹೆಲ್ಮೆಟ್ಟಿಗೆ ಅಂಗೈಯಿಂದ ಬಾರಿಸುವುದು 1977ರವರೆಗೆ ನಿಯಮದ ಪ್ರಕಾರವೇ ನಡೆಯುತ್ತಿತ್ತು. ಸೆಂಟರ್ ಗಳಿಸಿದ ಅಂಕ ಎಂದು ಮರುದಿನದ ಪತ್ರಿಕೆಯಲ್ಲಿ ಏನೂ ಬರುವುದಿಲ್ಲ.

ವೆಬ್‌ಸ್ಟರ್ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ ಆಲೂಗಡ್ಡೆ ಬೆಳೆಯುವ ಕುಟುಂಬದ ಹುಡುಗ. 1974ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಐದನೇ ಸುತ್ತಿನಲ್ಲಿ ಅವರನ್ನು ಆರಿಸಿಕೊಂಡಿತು. ಆ ಸ್ಥಾನಕ್ಕೆ ಮೈಕಟ್ಟು ಚಿಕ್ಕದೆಂಬ ಕಾರಣಕ್ಕೆ ಅಷ್ಟು ಹಿಂದೆ. ಕೊರತೆಯನ್ನು ಅವರು ವ್ಯಾಯಾಮದಿಂದಲೂ ಹಟದಿಂದಲೂ ತುಂಬಿದರು. ಕೊರೆಯುವ ಚಳಿಯಲ್ಲೂ ಅಂಗಿಯ ತೋಳು ಮೇಲಕ್ಕೆ ಮಡಚಿ ಬರಿದೋಳಿನಲ್ಲಿ ಆಡುತ್ತಿದ್ದರು. ಉಳಿದವರು ನಡೆದು ಬರುತ್ತಿದ್ದರೆ ಇವರು ಸಾಲಿಗೆ ಓಡಿ ಬರುತ್ತಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಸ್ಟೀಲರ್ಸ್‌ನಲ್ಲಿ 15 ವರ್ಷ, ಕಾನ್ಸಾಸ್ ಸಿಟಿ ಚೀಫ್ಸ್‌ನಲ್ಲಿ ಎರಡು, ಒಟ್ಟು 245 ಪಂದ್ಯ. 'ಐರನ್ ಮೈಕ್' ಎಂದು ಊರೇ ಕರೆಯುತ್ತಿತ್ತು.

ಆಮೇಲಿನದು ನೀವು ದುಂದು ಎಂದು ಕರೆದ ಕಾಲ. ನಿವೃತ್ತಿಯ ನಂತರ ನೆನಪು ಕೈಕೊಟ್ಟಿತು, ನಿದ್ದೆ ಹಾರಿಹೋಯಿತು, ಸಿಟ್ಟು ಹಿಡಿತ ತಪ್ಪಿತು. ಸಂಸಾರ ಒಡೆಯಿತು. ಪಿಕಪ್ ಗಾಡಿಯಲ್ಲೋ ರೈಲು ನಿಲ್ದಾಣದಲ್ಲೋ ರಾತ್ರಿ ಕಳೆಯುತ್ತಿದ್ದರು. ಉದುರಿದ ಹಲ್ಲನ್ನು ಅಂಟಿನಿಂದ ಕೂಡಿಸಿಕೊಳ್ಳುತ್ತಿದ್ದರು. ನೋವು ತಾಳಲಾರದೆ, ವಿದ್ಯುತ್ ಆಘಾತ ಕೊಡುವ ಸಾಧನವನ್ನು ತಮ್ಮ ಮೈಗೇ ತಾಗಿಸಿಕೊಂಡು ನಿದ್ದೆಗೆ ಜಾರುತ್ತಿದ್ದರು. ರಾಶಿ ರಾಶಿ ಪತ್ರ ಬರೆದರು; ಒಂದು ವಾಕ್ಯ ಇನ್ನೊಂದಕ್ಕೆ ಕೂಡದು. 1999ರಲ್ಲಿ ಔಷಧದ ಚೀಟಿಗಳನ್ನು ನಕಲು ಮಾಡಿದ ಆರೋಪದ ಮೇಲೆ ಪೊಲೀಸರು ಬಂಧಿಸಿದರು. ಅದಕ್ಕೆ ಎರಡು ವರ್ಷ ಮೊದಲು, 1997ರಲ್ಲಿ, ಈ ಆಟದ ಶ್ರೇಷ್ಠರ ಗೌರವ ಭವನವಾದ ಕ್ಯಾಂಟನ್ ಊರಿನ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಂಡ ಸಮಾರಂಭ ನಡೆದಿತ್ತು. ಹಳೆಯ ಕ್ವಾರ್ಟರ್‌ಬ್ಯಾಕ್ ಟೆರಿ ಬ್ರಾಡ್‌ಶಾ ಅಲ್ಲೇ ಚೆಂಡೊಂದನ್ನು ತರಿಸಿ, ಕೊನೆಯ ಬಾರಿ ಎಂಬಂತೆ ವೆಬ್‌ಸ್ಟರ್ ಕೈಯಿಂದ ಅದನ್ನು ಪಡೆದು ಸಭೆಯನ್ನು ನಗಿಸಿದರು. ವೆಬ್‌ಸ್ಟರ್ ಅವರ ಭಾಷಣ ಮಾತ್ರ ಎಲ್ಲೆಲ್ಲೋ ಅಲೆದು ಬಹಳ ಹೊತ್ತು ನಡೆಯಿತು.

ಈಗ ನೀವು ಗಮನಿಸಬೇಕಾದ ಕಡತಕ್ಕೆ ಬರೋಣ. ನಿವೃತ್ತ ಆಟಗಾರರ ನಿಧಿಯನ್ನು ನೋಡಿಕೊಳ್ಳುವ ಮಂಡಳಿಗೆ ವೆಬ್‌ಸ್ಟರ್ ಅಂಗವಿಕಲ ಪರಿಹಾರದ ಅರ್ಜಿ ಹಾಕಿದರು. ಮಂಡಳಿಯಲ್ಲಿ ತಂಡಗಳ ಮಾಲೀಕರ ಕಡೆಯ ಮೂವರು, ಆಟಗಾರರ ಸಂಘದ ಕಡೆಯ ಮೂವರು. ವೆಬ್‌ಸ್ಟರ್ ಪೂರ್ಣವಾಗಿ, ಶಾಶ್ವತವಾಗಿ ಅಶಕ್ತರಾಗಿದ್ದಾರೆ, ಅದಕ್ಕೆ ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಕಾರಣ ಎಂದು 1999ರಲ್ಲಿ ಮಂಡಳಿ ಒಪ್ಪಿಕೊಂಡಿತು. ಅದೇ ವರ್ಷಗಳಲ್ಲಿ ಲೀಗಿನ ವೈದ್ಯಕೀಯ ಸಮಿತಿ ಇಂಥ ದೀರ್ಘಕಾಲದ ಹಾನಿಗೆ ಆಧಾರವಿಲ್ಲ ಎಂಬ ನಿಲುವಿಗೆ ಅಂಟಿಕೊಂಡಿತ್ತು! ಒಂದು ಮೇಜಿನಲ್ಲಿ ಒಪ್ಪಿಗೆ, ಪಕ್ಕದ ಮೇಜಿನಲ್ಲಿ ನಿರಾಕರಣೆ. ಪರಿಹಾರದಲ್ಲೂ ಜುಗ್ಗತನ: ಕಾಯಿಲೆ ಶುರುವಾದದ್ದು ನಿವೃತ್ತಿಯ ನಂತರ ತಡವಾಗಿ ಎಂದು ವಾದಿಸಿ ಕಡಿಮೆ ದರದ ಪಿಂಚಣಿ ಕೊಟ್ಟರು. 1991ರ ಹೊತ್ತಿಗೇ ಅವರು ಅಶಕ್ತರಾಗಿದ್ದರು ಎಂದು ಮಂಡಳಿಯೇ ನೇಮಿಸಿದ ವೈದ್ಯರು ಹೇಳಿದ್ದರೂ ಕೇಳಲಿಲ್ಲ. ಕೊನೆಗೆ 2006ರಲ್ಲಿ ಮೇಲ್ಮನವಿ ನ್ಯಾಯಾಲಯ ವೆಬ್‌ಸ್ಟರ್ ವಾರಸುದಾರರ ಪರ ತೀರ್ಪು ಕೊಟ್ಟಿತು. ಬಾಕಿ ಮೊತ್ತ 15 ಲಕ್ಷ ಡಾಲರ್‌ಗೂ ಹೆಚ್ಚು. ಅಷ್ಟರಲ್ಲಿ ಅವರು ಸತ್ತು ನಾಲ್ಕು ವರ್ಷವಾಗಿತ್ತು. ಹಣ ಎಲ್ಲಿ ಹೋಯಿತು ಎಂದು ಕೇಳುವವರು ಬರಬೇಕಾಗಿದ್ದ ಹಣವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

2002ರ ಸೆಪ್ಟೆಂಬರ್ 24ರಂದು ವೆಬ್‌ಸ್ಟರ್ ತೀರಿಕೊಂಡಾಗ ವಯಸ್ಸು 50. ಶವಪರೀಕ್ಷೆ ಮಾಡಿದವರು ನೈಜೀರಿಯಾದಿಂದ ಬಂದಿದ್ದ ಯುವ ವೈದ್ಯ ಬೆನೆಟ್ ಒಮಾಲು. ಅವರಿಗೆ ಈ ಆಟದ ಗಂಧಗಾಳಿ ಇರಲಿಲ್ಲ. ತಂಡದ ಮೇಲೆ ಪಿಟ್ಸ್‌ಬರ್ಗ್ ಊರಿಗಿದ್ದ ಆರಾಧನೆಯೂ ಇರಲಿಲ್ಲ. ಹೊರನೋಟಕ್ಕೆ ಮಿದುಳು ಸರಿಯಾಗಿಯೇ ಇತ್ತು. ಆದರೂ ಬಿಡದೆ ತೆಳುವಾದ ಹೋಳುಗಳನ್ನು ಮಾಡಿಸಿ, ಸ್ವಂತ ಹಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಟೌ ಎಂಬ ಪ್ರೋಟೀನು ಅಲ್ಲಲ್ಲಿ ಗಂಟುಕಟ್ಟಿಕೊಂಡಿತ್ತು. ಪೆಟ್ಟು ತಿಂದ ಬಾಕ್ಸರ್‌ಗಳ ಬುದ್ಧಿ ಮಂಕಾಗುವುದನ್ನು ವೈದ್ಯರು 1928ರಲ್ಲೇ ವರ್ಣಿಸಿದ್ದರು. ವೃತ್ತಿಪರ ಫುಟ್‌ಬಾಲಿಗನಲ್ಲಿ ಅಂಥ ಹಾನಿಯನ್ನು ದಾಖಲಿಸಿದ ಮೊದಲ ಪ್ರಕರಣ ಇದು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಮಿದುಳು ಹಾಳಾಗುವ, ಇಂದು ಎಲ್ಲರೂ ಸಿಟಿಇ ಎಂದು ಕರೆಯುವ ಕಾಯಿಲೆ. 2005ರಲ್ಲಿ ಒಮಾಲು ತಂಡದ ಲೇಖನ ಪ್ರಕಟವಾದಾಗ ಲೀಗಿನ ಸಮಿತಿಯ ವೈದ್ಯರು ಅದನ್ನು ಹಿಂತೆಗೆಯಬೇಕೆಂದು ಪಟ್ಟು ಹಿಡಿದರು. ಸ್ಟೀಲರ್ಸ್ ತಂಡದ ಮತ್ತಿಬ್ಬರು ಲೈನ್‌ಮನ್‌ಗಳಾದ ಟೆರಿ ಲಾಂಗ್ ಮತ್ತು ಜಸ್ಟಿನ್ ಸ್ಟ್ರೆಲ್‌ಜಿಕ್ ಅವರ ಮಿದುಳಿನಲ್ಲೂ ಅದೇ ಕಂಡಿತು. ಆಟಕ್ಕೂ ಈ ಕಾಯಿಲೆಗೂ ಸಂಬಂಧವಿದೆ ಎಂದು ಲೀಗಿನ ಹಿರಿಯ ಅಧಿಕಾರಿಯೊಬ್ಬರು ಸಂಸತ್ತಿನ ಸಮಿತಿಯ ಮುಂದೆ ಬಾಯಿಬಿಟ್ಟು ಒಪ್ಪಿದ್ದು 2016ರಲ್ಲಿ.

ವಿಸ್ಕಾನ್ಸಿನ್‌ನವರೇ ಆದ ಇನ್ನೊಬ್ಬ ಸೆಂಟರ್ ಜಿಮ್ ಆಟೊ. ಓಕ್ಲೆಂಡ್ ರೈಡರ್ಸ್ ಪರ 15 ವರ್ಷ ಆಡಿ, ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2007ರಲ್ಲಿ ಬಲಗಾಲನ್ನೇ ಕಳೆದುಕೊಂಡರು. 2024ರಲ್ಲಿ 86ನೇ ವಯಸ್ಸಿಗೆ ತೀರಿಕೊಳ್ಳುವವರೆಗೂ ಜನ ಅವರನ್ನು ವೀರನೆಂದೇ ನೋಡಿದರು, ನೋಡಬೇಕಾದದ್ದೇ. ಕೃತಕ ಕಾಲು ಕಣ್ಣಿಗೆ ಕಾಣುತ್ತದೆ. ವೆಬ್‌ಸ್ಟರ್ ಅವರ ಗಾಯ ಕಾಣುವ ಜಾಗದಲ್ಲಿರಲಿಲ್ಲ. ಹಾಗಾಗಿ ಅದನ್ನು ನಡತೆಯ ದೋಷ ಎಂದು ಬರೆದುಕೊಂಡೆವು. ನಿಮ್ಮ ಪತ್ರದ ಮೇಲೆ ನನ್ನ ತಕರಾರು ಇಷ್ಟೇ.

ಇನ್ನು ಮೊಮ್ಮಗ. ಹೆದರಿಸುವುದು ನನ್ನ ಉದ್ದೇಶವಲ್ಲ. ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ, ದಾನವಾಗಿ ಬಂದ 111 ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಈ ಕಾಯಿಲೆ ಕಂಡರು. ಆದರೆ ದಾನ ಮಾಡಿದ್ದು ಬಹುಪಾಲು ಮೊದಲೇ ಅನುಮಾನವಿದ್ದ ಕುಟುಂಬಗಳು. ಆಡಿದವರೆಲ್ಲರಿಗೂ ಬರುತ್ತದೆ ಎಂದು ಅದರಿಂದ ಹೇಳಲಾಗದು. ನಿಮಗೆ ಹೆಚ್ಚು ಉಪಯೋಗವಾಗುವುದು ಅವರದೇ 2019ರ ಅಧ್ಯಯನ: ಆಡಿದ ವರ್ಷ ಒಂದೊಂದು ಹೆಚ್ಚಿದಂತೆ ಕಾಯಿಲೆಯ ಸಾಧ್ಯತೆ ಸುಮಾರು ಶೇಕಡ 30ರಷ್ಟು ಏರುತ್ತದೆ. ಅಂದರೆ ಎಷ್ಟು ವರ್ಷ ಆಡುತ್ತಾನೆ, ಎಷ್ಟು ಪೆಟ್ಟು ತಿನ್ನುತ್ತಾನೆ ಎಂಬುದೇ ಮುಖ್ಯ. ಪ್ರಜ್ಞೆ ತಪ್ಪಿಸುವ ಒಂದು ದೊಡ್ಡ ಹೊಡೆತವಷ್ಟೇ ಅಲ್ಲ. ಬದುಕಿರುವಾಗ ಇದನ್ನು ಖಚಿತವಾಗಿ ಪತ್ತೆಹಚ್ಚುವ ಪರೀಕ್ಷೆ ಇನ್ನೂ ಬಂದಿಲ್ಲ.

ಟೆಕ್ಸಾಸ್‌ನ ಸಾರ್ವಜನಿಕ ಶಾಲೆಗಳ ಕ್ರೀಡಾ ಸಂಸ್ಥೆ ಮೈಗೆ ಮೈ ತಾಗುವ ಪೂರ್ಣ ಅಭ್ಯಾಸವನ್ನು ಒಬ್ಬ ಆಟಗಾರನಿಗೆ ವಾರಕ್ಕೆ 90 ನಿಮಿಷಕ್ಕೆ ಮಿತಿಗೊಳಿಸಿದೆ. ಅದನ್ನು ಪಾಲಿಸುತ್ತಾರೆಯೇ ಎಂದು ಹುಡುಗನ ತಂದೆತಾಯಿಯಿಂದ ಕೇಳಿಸಿ. ಮೈಮುಟ್ಟದೆ ಸೊಂಟದ ಪಟ್ಟಿ ಕಿತ್ತುಕೊಳ್ಳುವ ಫ್ಲ್ಯಾಗ್ ಫುಟ್‌ಬಾಲ್ ಕೂಡ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿರುವುದು ಅದೇ ಆಟ. ಅದೆಲ್ಲಕ್ಕೂ ಮೊದಲು, ಹುಡುಗ ಯಾವ ಸ್ಥಾನದಲ್ಲಿ ಆಡುತ್ತಾನೆ ಎಂದು ವಿಚಾರಿಸಿ. ಮೈ ತುಂಬಿಕೊಂಡ ಹುಡುಗರನ್ನು ತರಬೇತುದಾರರು ಮುಂದಿನ ಸಾಲಿಗೇ ನಿಲ್ಲಿಸುತ್ತಾರೆ.

– ಸಂಪಾದಕ